ಹಿತಕಿದ ಬೇಳೆ, ಮೂರು ನಿಮಿಷ

ಐದೂಕಾಲಿಗೆ ತೇಜಾವತಿ ಖಾಕಿ ಕೋಟಿನ ಗುಂಡಿ ಹಾಕುತ್ತ
ಡಿಪೋ ದಾರಿ ಹಿಡಿಯುತ್ತಾಳೆ.
ನಾನು ಹಾಲು ಇಳಿಸುತ್ತೇನೆ.
ಮಗಳ ಜಡೆ, ಅಮ್ಮನ ಬೀಪಿ ಮಾತ್ರೆ, ನೀರಿನ ಮೋಟಾರು.
ಹತ್ತರಿಂದ ಹತ್ತೂಮುಕ್ಕಾಲು
ಎದುರುಮನೆಯ ಸಿಂಟೆಕ್ಸು ದಾಟಿ ಬಂದ ಬಿಸಿಲು
ನಮ್ಮ ಒಲೆಕಟ್ಟೆಯ ಮೇಲೆ.
ಅದೇ ನನ್ನ ಆಫೀಸು.

ಹದಿನಾರು ವರ್ಷ ಕಾಟನ್‌ಪೇಟೆಯಲ್ಲಿ
ಲಗ್ನಪತ್ರಿಕೆ ಅಚ್ಚು ಹಾಕಿದ ಕೈ ಇದು.
ಚಿನ್ನದ ಬಣ್ಣದ ಗಣಪತಿ, ಕೆಳಗೆ ಸುಖಾಗಮನ ಬಯಸುವವರು.
ಒಬ್ಬ ಚಿಕ್ಕಪ್ಪನ ಹೆಸರು ಬಿಟ್ಟುಹೋದರೂ
ಆತ ಅಂಗಡಿಗೇ ಬಂದು ನಿಲ್ಲುತ್ತಿದ್ದ.
ಜನ ಫೋನಿನಲ್ಲೇ ಕರೆಯಲು ಕಲಿತರು,
ಮಾಲೀಕ ಮೆಷಿನ್ನು ತೂಕಕ್ಕೆ ಹಾಕಿದ.

ಈಗ ಅದೇ ಫೋನು
ರಾಗಿಹಿಟ್ಟಿನ ಡಬ್ಬಕ್ಕೆ ಒರಗಿ, ರಬ್ಬರ್ ಬ್ಯಾಂಡಿನ ಉಡಿದಾರ ಕಟ್ಟಿಕೊಂಡು
ನನ್ನ ಕೈಯನ್ನೇ ನೋಡುತ್ತದೆ.

ಭಾನುವಾರ. ಸೊಗಡಿನವರೆ, ರಾತ್ರಿ ನೆನೆಹಾಕಿದ್ದು.
ಇಂಚರ ಹಿತಕಿದ ಕಾಳು ಚಂಗನೆ ಹಾರಿ
ಕ್ಯಾಮೆರಾದ ಕಣ್ಣಿಗೇ ಬಡಿಯಿತು.
ಒರೆಸಿ ಮತ್ತೆ ಶುರು.
"ಒಂದು ಪಾವು ಕಾಳಿಗೆ ಎಷ್ಟಮ್ಮ ಧನಿಯ?"
"ಕಾಳು ಹೇಳ್ತದೆ."
"ಜನಕ್ಕೆ ಚಮಚದ ಲೆಕ್ಕ ಬೇಕು."
"ಚಮಚ ಯಾರ ಮನೇದು?"

ಆಮೇಲೆ ತಾನಾಗಿ, ಮೊರದಿಂದ ತಲೆಯೆತ್ತದೆ:
"ಇದು ನಂದಲ್ಲ ಕಣೋ. ಹೇಳ್ಕೊಟ್ಟೋಳು ಸಾಕಮ್ಮ, ನಮ್ ವಾರಗಿತ್ತಿ.
ಈರುಳ್ಳಿ ಹುರೀಬ್ಯಾಡ, ಸುಡು ಅಂದೋಳು ಅವಳೇ.
ಮಾತು ಬಿಟ್ಟು ಇಪ್ಪತ್ತೆರಡು ವರ್ಷ.
ಸೈಟಿನ ಗಲಾಟೆ. ಅವ್ಳು ಕೇಳಿದ್ದು
ನಡೆಯೋಕೆ ಮೂರಡಿ ಓಣಿ."

ನಿಮಿಷ ದಾಟಿದರೆ ಜನ ಜಾರುತ್ತಾರೆ
ಎಂದು ಮೇಲ್ಮನೆಯ ಬಿ.ಕಾಂ. ಹುಡುಗ ಹೇಳಿಕೊಟ್ಟಿದ್ದ.
ಹೆಬ್ಬೆರಳಿನಿಂದ ಕತ್ತರಿಸಿದೆ.
ಓಣಿ ಹೋಯಿತು, ಸೈಟು ಹೋಯಿತು, ಸಾಕಮ್ಮ ಹೋದಳು.
ಉಳಿದದ್ದು ನನ್ನ ಕೈ, ಪಾತ್ರೆ,
ಸಾಸಿವೆ ಸಿಡಿದ ಸದ್ದು.
ಐವತ್ತೆಂಟು ಸೆಕೆಂಡು.

ಅಮ್ಮ ಕನ್ನಡಕ ಹಾಕಿಕೊಂಡು ನೋಡಿದಳು.
ಮುಗಿಯಿತು. ಇನ್ನೊಂದು ಸಲ ಹಾಕು ಅಂದಳು.
"ಸಾಕಮ್ಮ ಎಲ್ಲಿ?"
"ಜಾಗ ಇರಲಿಲ್ಲಮ್ಮ."
"ಅವತ್ತು ನಿಮ್ಮಪ್ಪನೂ ಇದನ್ನೇ ಅಂದಿದ್ದು."
ಎದ್ದು ಒಣಗಿದ ಬಟ್ಟೆ ತರಲು ಹೋದಳು,
ಬಟ್ಟೆ ಇನ್ನೂ ಒದ್ದೆಯಿತ್ತು.

ರಾತ್ರಿ ತೇಜಾವತಿ ಬಿಸಿನೀರಲ್ಲಿ ಕಾಲಿಟ್ಟು ಕೂತಿದ್ದಾಗ
ಲೆಕ್ಕ ಒಪ್ಪಿಸಿದೆ: ಏಳು ತಿಂಗಳಿಗೆ ಹನ್ನೊಂದು ಡಾಲರು.
ನೂರು ತುಂಬುವ ತನಕ ಕೈಗೆ ಬರದು.
ನಕ್ಕಳು. "ಟಿಕೆಟ್ ಹಿಂದೆ ಬರೆದ ಚಿಲ್ಲರೆ ಅನ್ನು.
ಇಳಿಯುವಾಗ ಮರೀದೆ ಇಸ್ಕೋ."
ಆ ನಗುವಿನಲ್ಲಿ ಈ ತಿಂಗಳ ಸ್ಕೂಲ್ ಫೀಸೂ ಇತ್ತು,
ಇಬ್ಬರೂ ಅದರ ಹೆಸರೆತ್ತಲಿಲ್ಲ.

ಅವಳು ಮಲಗಿದ ಮೇಲೆ
ಕತ್ತರಿಸಿದ ಚೂರುಗಳನ್ನು ಹುಡುಕಿ ಹುಡುಕಿ ಅಂಟಿಸಿದೆ.
ಹೆಸರು ಬಿಟ್ಟ ಪತ್ರಿಕೆ
ಅಂಗಡಿಯಿಂದ ಹೊರಗೆ ಹೋಗಬಾರದು,
ಇಷ್ಟು ನನಗೆ ಗೊತ್ತಿರಬೇಕಿತ್ತು.
ಮೂರು ನಿಮಿಷ ನಾಲ್ಕು ಸೆಕೆಂಡು.
ಕೆಳಗೆ ಕಪ್ಪು ಅಕ್ಷರದಲ್ಲಿ, ನನ್ನ ಹಳೇ ಅಂದಾಜಿನ ಅಳತೆಗೆ:
ಸಾರು ಹೇಳಿಕೊಟ್ಟವರು, ಶ್ರೀಮತಿ ಸಾಕಮ್ಮನವರು.

ಉಪ್ಸಾರು ನಾಲ್ಕು ಸಾವಿರ ಮುಟ್ಟಿತ್ತು.
ಇದು ವಾರಕ್ಕೆ ಇನ್ನೂರ ಹನ್ನೆರಡು.

"ಅವ್ಳು ನೋಡಿರ್ತಾಳಾ?"
ಅಮ್ಮ ಕೇಳಿದ್ದು ನನ್ನನ್ನಲ್ಲ, ಬೆಳ್ಳುಳ್ಳಿಯನ್ನು.
"ಇನ್ನೂರ ಹನ್ನೆರಡರಲ್ಲಿ ಒಬ್ಬರು ಯಾರು ಅಂತ
ಅದು ಹೇಳಲ್ಲಮ್ಮ. ಇರಬಹುದು."

ಸಿಪ್ಪೆ ಊದಿ, ಸೆರಗು ಕೊಡವಿ, ಒಲೆಕಟ್ಟೆಗೆ ಬಂದಳು.
ಬಿಸಿಲಿಗೆ ಇನ್ನೂ ಹತ್ತು ನಿಮಿಷ ಆಯುಸ್ಸಿತ್ತು.
"ಹಂಗಾರೆ ಫೋನು ಈ ಕಡೆ ತಿರುಗ್ಸು.
ಮುದ್ದೆ ಕಟ್ಟೋದು ತೋರಿಸ್ತೀನಿ.
ಸಾರೇನೋ ಸರಿ,
ಅವಳ ಮುದ್ದೆ ಮಾತ್ರ ಯಾವತ್ತೂ ಗಂಟು."